ಡಬ್ಲ್ಯೂಡಿ 1145+017: ಪುಡಿಯಾಗುತ್ತಿದ್ದ ಒಂದು ಪುಟ್ಟ ಲೋಕದ ಪ್ರಕರಣ

ತೆಂಗಿನಕಾಯಿ ಕೊಳ್ಳುವಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನೀರಿನ ಸದ್ದು ಕೇಳುತ್ತೇವೆ, ಬೆರಳಲ್ಲಿ ತಟ್ಟುತ್ತೇವೆ, ಕೈಯಲ್ಲೇ ತೂಕ ನೋಡುತ್ತೇವೆ. ಇಷ್ಟೆಲ್ಲ ಮಾಡಿದರೂ ಒಳಗೆ ಕಾಯಿ ಚೆನ್ನಾಗಿದೆಯೋ ಕೆಟ್ಟಿದೆಯೋ ಅಂತ ಗೊತ್ತಾಗುವುದು ಒಡೆದ ಮೇಲೆಯೇ. ದೂರದ ಗ್ರಹಗಳ ವಿಷಯವೂ ಹೀಗೇ. ಬೇರೆ ನಕ್ಷತ್ರಗಳ ಸುತ್ತ ಸಾವಿರಾರು ಗ್ರಹ ಸಿಕ್ಕಿವೆ. ಕೆಲವುಗಳ ಗಾತ್ರ ಗೊತ್ತು, ಕೆಲವುಗಳ ತೂಕ ಗೊತ್ತು, ಎರಡೂ ಗೊತ್ತಿದ್ದರೆ ಸಾಂದ್ರತೆ ಲೆಕ್ಕ ಹಾಕಬಹುದು. ಆದರೆ ಒಳಗೆ ಕಬ್ಬಿಣ ಎಷ್ಟು, ಕಲ್ಲು ಎಷ್ಟು, ಆ ಕಲ್ಲು ಎಂಥದ್ದು, ನೀರು ಇತ್ತಾ ಇಲ್ವಾ? ಒಡೆಯದೆ ಹೇಳುವುದು ಕಷ್ಟ.

ಒಡೆಯುವ ಜಾಗ ಆಕಾಶದಲ್ಲಿ ಇದೆ. ಸತ್ತ ನಕ್ಷತ್ರದ ಪಕ್ಕದಲ್ಲಿ. ಕನ್ಯಾ ರಾಶಿಯ ದಿಕ್ಕಿನಲ್ಲಿ, ಹತ್ತಿರ ಹತ್ತಿರ 500 ಜ್ಯೋತಿರ್ವರ್ಷ ದೂರದಲ್ಲಿ ಡಬ್ಲ್ಯೂಡಿ 1145+017 ಅನ್ನುವ ಒಂದು ಶ್ವೇತಕುಬ್ಜ ನಕ್ಷತ್ರ ಇದೆ. ಅಲ್ಲಿ ಒಂದು ಪುಟ್ಟ ಲೋಕ ಪುಡಿಯಾಗುವುದನ್ನು ಮನುಷ್ಯರು ಮೊದಲ ಸಲ ನಡೆಯುತ್ತಿರುವಾಗಲೇ ನೋಡಿದರು. ಇದು ಆ ಪ್ರಕರಣದ ಕಥೆ.

ಶ್ವೇತಕುಬ್ಜ ಅಂದರೆ

ನಮ್ಮ ಸೂರ್ಯನಂಥ ನಕ್ಷತ್ರದ ಇಂಧನ ಮುಗಿಯುತ್ತಾ ಬಂದಾಗ ಅದು ಉಬ್ಬಿ ಕೆಂಪು ದೈತ್ಯ ಆಗುತ್ತದೆ. ಹತ್ತಿರದ ಗ್ರಹಗಳನ್ನು ನುಂಗುತ್ತದೆ. ಆಮೇಲೆ ಹೊರಗಿನ ಪದರಗಳನ್ನೆಲ್ಲ ಊದಿ ಕಳೆದುಕೊಂಡು, ಬರೀ ಒಳಗಿನ ಕಾದ ಗಟ್ಟಿ ಉಳಿಯುತ್ತದೆ. ಅದೇ ಶ್ವೇತಕುಬ್ಜ. ಸುಮಾರು ಭೂಮಿಯಷ್ಟೇ ಗಾತ್ರ, ಆದರೆ ಸೂರ್ಯನ ಅರ್ಧಕ್ಕಿಂತ ಜಾಸ್ತಿ ದ್ರವ್ಯ ಅಷ್ಟರೊಳಗೇ ತುರುಕಿಕೊಂಡಿರುತ್ತದೆ. ಅಲ್ಲಿನ ಗುರುತ್ವ ನಮ್ಮ ನೆಲದ ಗುರುತ್ವಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು.

ಈ ಗುರುತ್ವವೇ ಇಡೀ ಪ್ರಕರಣದ ಕೀಲಿಕೈ. ರಾಗಿ ಹಿಟ್ಟನ್ನು ನೀರಿಗೆ ಕಲಸಿ ಸುಮ್ನೆ ಬಿಟ್ಟರೆ ಹಿಟ್ಟು ತಳ ಹಿಡಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ, ಅಲ್ವಾ? ಶ್ವೇತಕುಬ್ಜದ ಮೇಲ್ಮೈಯಲ್ಲೂ ಅದೇ ಆಗುತ್ತದೆ. ಭಾರದ ಧಾತುಗಳೆಲ್ಲ ಒಳಗೆ ಮುಳುಗುತ್ತವೆ. ಮೇಲೆ ಉಳಿಯುವುದು ಹಗುರವಾದ ಹೈಡ್ರೋಜನ್ ಅಥವಾ ಹೀಲಿಯಂ ಮಾತ್ರ. ಬಿಸಿ ಹೈಡ್ರೋಜನ್ ಹೊದಿಕೆ ಇದ್ದರೆ ಕೆಲವೇ ದಿನಗಳಲ್ಲಿ ಮುಳುಗಿಬಿಡಬಹುದು, ತಣ್ಣಗಿನ ಹೀಲಿಯಂ ಹೊದಿಕೆ ಇದ್ದರೆ ಲಕ್ಷಾಂತರ ವರ್ಷ ಹಿಡಿಯಬಹುದು. ಎರಡೂ ನಕ್ಷತ್ರದ ಆಯುಷ್ಯದ ಮುಂದೆ ಏನೂ ಅಲ್ಲ.

ಹಾಗಾಗಿ ಶ್ವೇತಕುಬ್ಜದ ಮೇಲ್ಮೈ ತೊಳೆದಿಟ್ಟ ತಟ್ಟೆಯ ಹಾಗೆ ಇರಬೇಕು. ಅಲ್ಲಿ ಕಬ್ಬಿಣವೋ ಕ್ಯಾಲ್ಸಿಯಮ್ಮೋ ಕಂಡರೆ ಅದು ಹುಟ್ಟಿನಿಂದ ಬಂದದ್ದಲ್ಲ. ಯಾವುದೋ ಕಲ್ಲು ಇತ್ತೀಚೆಗೆ ಬಂದು ಬಿದ್ದಿದೆ.

ಆಶ್ಚರ್ಯ ಏನೆಂದರೆ, ಚೆನ್ನಾಗಿ ನೋಡಿದ ಶ್ವೇತಕುಬ್ಜಗಳಲ್ಲಿ ಕಾಲು ಭಾಗಕ್ಕೂ ಹೆಚ್ಚಿನವುಗಳಲ್ಲಿ ಇಂಥ ಕೊಳೆ ಇದೆ. ಖಗೋಳ ವಿಜ್ಞಾನಿಗಳು ಇವನ್ನು ಕೊಳೆಯಾದ ಶ್ವೇತಕುಬ್ಜ ಅಂತಲೇ ಕರೆಯುತ್ತಾರೆ. ನನಗೆ ಆ ಹೆಸರು ಅಷ್ಟು ಇಷ್ಟವಿಲ್ಲ. ಆ ಕೊಳೆಯಲ್ಲೇ ಅಲ್ಲವೇ ಇಡೀ ಸುದ್ದಿ ಇರುವುದು.

ಹಳೆಯ ಕಡತ

ಇಂಥ ಕೊಳೆಯ ಮೊದಲ ಸಾಕ್ಷಿ ನೂರು ವರ್ಷಕ್ಕೂ ಹಳೆಯದು, ಅದು ಬೇರೊಂದು ಶ್ವೇತಕುಬ್ಜದ್ದು. 1917ರಲ್ಲಿ ಆಡ್ರಿಯಾನ್ ವಾನ್ ಮಾನೆನ್ 14 ಜ್ಯೋತಿರ್ವರ್ಷ ದೂರದ ಒಂದು ಮಸುಕು ನಕ್ಷತ್ರವನ್ನು ಗುರುತಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ವಾಲ್ಟರ್ ಆಡಮ್ಸ್ ಅದರ ರೋಹಿತವನ್ನು, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿದ ಪಟ್ಟಿಯನ್ನು, ಗಾಜಿನ ತಟ್ಟೆಯ ಮೇಲೆ ಸೆರೆ ಹಿಡಿದರು. ಅದರಲ್ಲಿ ಕ್ಯಾಲ್ಸಿಯಂನ ಎರಡು ಗೆರೆ ಸ್ಪಷ್ಟವಾಗಿ ಇದ್ದವು. ಆ ಕಾಲದಲ್ಲಿ ಶ್ವೇತಕುಬ್ಜ ಅಂದರೆ ಏನು ಅಂತಲೇ ತಿಳಿದಿರಲಿಲ್ಲ. ಸೂರ್ಯನಿಗಿಂತ ಸ್ವಲ್ಪ ಬಿಸಿಯ ನಕ್ಷತ್ರ ಅಂತ ಬರೆದು ತಟ್ಟೆಯನ್ನು ಲಕೋಟೆಗೆ ಸೇರಿಸಿ ಒಳಗಿಟ್ಟರು.

ಸುಮಾರು ನೂರು ವರ್ಷದ ನಂತರ ಜೇ ಫರಿಹಿ ಎಂಬ ವಿಜ್ಞಾನಿ ಈ ವಿಷಯದ ಮೇಲೆ ಒಂದು ದೊಡ್ಡ ವಿಮರ್ಶಾ ಲೇಖನ ಬರೆಯುವಾಗ ಆ ತಟ್ಟೆ ಇದೆಯಾ ನೋಡಿ ಅಂತ ಕಾರ್ನೆಗಿ ವೀಕ್ಷಣಾಲಯದವರನ್ನು ಕೇಳಿದರು. ಪಾಸಡೀನಾದ ಉಗ್ರಾಣದಲ್ಲಿ ಅದು ಸಿಕ್ಕಿತು. ಅಂಗೈಯಲ್ಲಿ ಹಿಡಿಯಬಹುದಾದ ಗಾಜಿನ ಚೂರು, ಅದರ ಮೇಲೊಂದು ಸಣ್ಣ ಪಟ್ಟಿ, ಪಟ್ಟಿಯಲ್ಲಿ ಎರಡು ಗೆರೆ. ಸೂರ್ಯನ ಆಚೆ ಇನ್ನೊಂದು ಗ್ರಹಮಂಡಲ ಇದೆ ಎಂಬುದರ ಅತಿ ಹಳೆಯ ಗುರುತು ಇದೇ. 1917ರಲ್ಲೇ ಅದು ನಮ್ಮ ಕೈಯಲ್ಲಿತ್ತು.

ಮಧ್ಯದ ದಶಕಗಳಲ್ಲಿ ಬೇರೆಯದೇ ವಿವರಣೆ ಓಡುತ್ತಿತ್ತು. ನಕ್ಷತ್ರಗಳ ನಡುವಿನ ಅನಿಲ, ಧೂಳಿನ ಮೋಡಗಳಲ್ಲಿ ಹಾದುಹೋಗುವಾಗ ಶ್ವೇತಕುಬ್ಜ ಒಂದಿಷ್ಟು ಮೆತ್ತಿಕೊಳ್ಳುತ್ತದೆ ಅನ್ನುವುದು ಆ ವಾದ. ಕೇಳಲು ಸರಿ ಅನಿಸುತ್ತದೆ. ಆದರೆ ಆ ಮೋಡಗಳಲ್ಲಿ ಬಹುಪಾಲು ಇರುವುದು ಹೈಡ್ರೋಜನ್. ಹೀಲಿಯಂ ಹೊದಿಕೆಯ ಶ್ವೇತಕುಬ್ಜಗಳಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇದ್ದು, ಅದರ ಜೊತೆ ಬರಬೇಕಿದ್ದ ಹೈಡ್ರೋಜನ್ ಮಾತ್ರ ಇಲ್ಲ ಅಂದರೆ ಲೆಕ್ಕ ಕೂಡುವುದಿಲ್ಲ. 1987ರಲ್ಲಿ ಬೆನ್ ಜುಕರ್‌ಮನ್ ಮತ್ತು ಎರಿಕ್ ಬೆಕ್ಲಿನ್ ಜಿ29-38 ಎಂಬ ಶ್ವೇತಕುಬ್ಜದಿಂದ ಇರಬೇಕಾದದ್ದಕ್ಕಿಂತ ಜಾಸ್ತಿ ಅವಗೆಂಪು ಬೆಳಕು ಬರುವುದನ್ನು ಕಂಡರು. ಪಕ್ಕದಲ್ಲಿ ಕಾದ ಧೂಳು ಇದ್ದರೆ ಹಾಗೆ ಬರುತ್ತದೆ. 2003ರಲ್ಲಿ ಮೈಕೆಲ್ ಜುರಾ ಇದನ್ನೆಲ್ಲ ಒಂದು ದಾರಕ್ಕೆ ಪೋಣಿಸಿದರು. ಯಾವುದೋ ಕ್ಷುದ್ರಗ್ರಹ ದಾರಿ ತಪ್ಪಿ ಶ್ವೇತಕುಬ್ಜದ ತೀರಾ ಹತ್ತಿರ ಬರುತ್ತದೆ. ಎದುರಿನ ಮುಖವನ್ನು ಗುರುತ್ವ ಜೋರಾಗಿ ಎಳೆಯುತ್ತದೆ, ಹಿಂದಿನ ಮುಖವನ್ನು ಕಡಿಮೆ ಎಳೆಯುತ್ತದೆ. ಆ ಎಳೆದಾಟಕ್ಕೆ ಕಲ್ಲು ಚೂರಾಗಿ, ಚೂರುಗಳು ಉಂಗುರದ ಹಾಗೆ ಹರಡಿ, ಧೂಳಾಗಿ, ನಿಧಾನಕ್ಕೆ ನಕ್ಷತ್ರದ ಮೇಲೆ ಸುರಿಯುತ್ತದೆ.

ವಿವರಣೆ ಚೆನ್ನಾಗಿತ್ತು. ಶವಪರೀಕ್ಷೆಯ ವರದಿಗಳೂ ಬರುತ್ತಲೇ ಇದ್ದವು. ಘಟನೆಯನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ.

ಬೆಳಕು ಕುಸಿದ ರಾತ್ರಿಗಳು

ಬೇರೆ ನಕ್ಷತ್ರಗಳ ಗ್ರಹ ಹುಡುಕಲು ಬಾಹ್ಯಾಕಾಶಕ್ಕೆ ಕಳಿಸಿದ್ದ ಕೆಪ್ಲರ್ ದೂರದರ್ಶಕದ ಒಂದು ಕಷ್ಟ ಇಲ್ಲಿ ನೆರವಿಗೆ ಬಂತು. 2013ರ ಮೇ ತಿಂಗಳಲ್ಲಿ, ನೌಕೆಯನ್ನು ಅಲುಗದಂತೆ ಹಿಡಿದಿಡುವ ನಾಲ್ಕು ಚಕ್ರಗಳಲ್ಲಿ ಎರಡನೆಯದೂ ಕೆಟ್ಟಿತು. ಒಂದೇ ಕಡೆ ನೆಟ್ಟ ನೋಟದಿಂದ ನೋಡುವ ಕೆಲಸ ಅಲ್ಲಿಗೆ ನಿಂತಿತು. ಸೂರ್ಯನ ಬೆಳಕಿನ ಒತ್ತಡವನ್ನೇ ಊರುಗೋಲು ಮಾಡಿಕೊಂಡು ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದರು. ಈ ಎರಡನೇ ಇನ್ನಿಂಗ್ಸ್‌ನ ಹೆಸರು ಕೆ2. ಪ್ರತಿ ಮೂರು ತಿಂಗಳಿಗೊಮ್ಮೆ ಆಕಾಶದ ಬೇರೆ ತುಂಡಿನ ಕಡೆ ತಿರುಗಬೇಕಿತ್ತು. 2014ರಲ್ಲಿ ನೋಡಿದ ತುಂಡಿನಲ್ಲಿ ಡಬ್ಲ್ಯೂಡಿ 1145+017 ಇತ್ತು.

ಆ ಮಾಹಿತಿಯಲ್ಲಿ ಪ್ರತಿ ನಾಲ್ಕೂವರೆ ಗಂಟೆಗೊಮ್ಮೆ ನಕ್ಷತ್ರದ ಬೆಳಕು ಚೂರು ಕುಗ್ಗುತ್ತಿರುವುದನ್ನು ಆ್ಯಂಡ್ರೂ ವಾಂಡರ್‌ಬರ್ಗ್ ಗಮನಿಸಿದರು. ಆಗ ಅವರು ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ವಿದ್ಯಾರ್ಥಿ. ಕುಗ್ಗುವುದು ಶೇಕಡಾ ಒಂದೆರಡರಷ್ಟು, ಅಷ್ಟೇ. ಆದರೆ ಕೆ2 ಈ ನಕ್ಷತ್ರವನ್ನು ಅರ್ಧ ಗಂಟೆಗೊಂದು ಲೆಕ್ಕದಲ್ಲಿ ಅಳೆಯುತ್ತಿತ್ತು. ಐದು ನಿಮಿಷ ಕರೆಂಟ್ ಹೋಗಿ ಬಂದರೂ ಅರ್ಧ ಗಂಟೆಯ ಸರಾಸರಿ ಮಾತ್ರ ನೋಡುವವರಿಗೆ ವೋಲ್ಟೇಜ್ ಸ್ವಲ್ಪ ಇಳಿದ ಹಾಗೆ ಕಾಣುತ್ತದೆ. ಇಲ್ಲೂ ಹಾಗೇ ಆಗಿತ್ತು. ನೆಲದ ಮೇಲಿನ ದೂರದರ್ಶಕಗಳಿಂದ, ಆರಿಜೋನಾದ ಮೌಂಟ್ ಹಾಪ್ಕಿನ್ಸ್ ಮುಂತಾದ ಕಡೆಯಿಂದ, ಬಿಡಿಬಿಡಿಯಾಗಿ ನೋಡಿದಾಗ ಐದೇ ನಿಮಿಷದ ಅವಧಿಯಲ್ಲಿ ಬೆಳಕು ಶೇಕಡಾ 40ರಷ್ಟು ಕುಸಿಯುತ್ತಿತ್ತು.

ಇಲ್ಲಿ ಒಂದು ನಿಮಿಷ ನಿಂತು ಲೆಕ್ಕ ನೋಡೋಣ. ಈ ನಕ್ಷತ್ರದ ಅಗಲ ಭೂಮಿಯ ಸುಮಾರು 1.4 ಪಟ್ಟು, ಅಂದರೆ 18 ಸಾವಿರ ಕಿಲೋಮೀಟರ್ ಹತ್ತಿರ. ಮಂಗಳ ಮತ್ತು ಗುರುವಿನ ನಡುವಿನ ಅತಿ ದೊಡ್ಡ ಕಾಯ ಸೆರೆಸ್ ಸುಮಾರು 940 ಕಿಲೋಮೀಟರ್ ಅಗಲ. ಅದನ್ನೇ ತಂದು ಈ ನಕ್ಷತ್ರದ ಮುಂದೆ ಹಿಡಿದರೂ ಶೇಕಡಾ ಒಂದರ ಮೂರನೇ ಒಂದು ಭಾಗದಷ್ಟು ಬೆಳಕೂ ಮರೆಯಾಗುವುದಿಲ್ಲ. ಹಾಗಿದ್ದರೆ 40 ಎಲ್ಲಿಂದ ಬಂತು? ಮುಂದೆ ಹಾದುಹೋಗುತ್ತಿದ್ದದ್ದು ಬರೀ ಒಂದು ಕಲ್ಲಲ್ಲ. ಕಲ್ಲಿನಿಂದ ಹೊರಟ ಧೂಳಿನ ದೊಡ್ಡ ಮೋಡ. ಬೆಳಕು ಕುಸಿಯುವ ರೀತಿಯೂ ಅದನ್ನೇ ಹೇಳಿತು. ದುಂಡನೆಯ ಗ್ರಹ ಅಡ್ಡ ಬಂದರೆ ಕುಸಿತದ ಎರಡೂ ಬದಿ ಒಂದೇ ಥರ ಇರುತ್ತದೆ. ಇಲ್ಲಿ ಬೇಗ ಇಳಿದು ನಿಧಾನ ಏರುತ್ತಿತ್ತು, ಮಣ್ಣಿನ ರಸ್ತೆಯಲ್ಲಿ ಲಾರಿ ಹೋದ ಮೇಲೂ ಧೂಳಿನ ಬಾಲ ಹಿಂದೆಯೇ ಎಳೆದುಕೊಂಡು ಹೋಗುವ ಹಾಗೆ.

ಸುತ್ತು ನಾಲ್ಕೂವರೆ ಗಂಟೆ ಅಂದರೆ ದೂರ ಸುಮಾರು 8 ಲಕ್ಷ ಕಿಲೋಮೀಟರ್, ನಮಗೂ ಚಂದ್ರನಿಗೂ ಇರುವ ದೂರದ ಎರಡು ಪಟ್ಟು ಅಷ್ಟೇ. ವೇಗ ಸೆಕೆಂಡಿಗೆ 300 ಕಿಲೋಮೀಟರ್ ದಾಟುತ್ತದೆ. ಅಷ್ಟು ಹತ್ತಿರ ಯಾವ ಕಲ್ಲೂ ಒಟ್ಟಾಗಿ ಉಳಿಯುವುದು ಕಷ್ಟ. ಜುರಾ ಹೇಳಿದ್ದ ಜಾಗ ಇದೇ. 2015ರ ಅಕ್ಟೋಬರ್‌ನಲ್ಲಿ ವಾಂಡರ್‌ಬರ್ಗ್ ಮತ್ತು ಸಂಗಡಿಗರ ವರದಿ ನೇಚರ್ ಪತ್ರಿಕೆಯಲ್ಲಿ ಬಂತು.

ಆಮೇಲೆ ಎಲ್ಲರ ಕಣ್ಣು ಅತ್ತ ಹೊರಳಿತು. ಥಾಯ್ಲೆಂಡಿನ 2.4 ಮೀಟರ್ ರಾಷ್ಟ್ರೀಯ ದೂರದರ್ಶಕದಿಂದ ಬೋರಿಸ್ ಗೆನ್ಸಿಕೆ ತಂಡ ನೋಡಿದಾಗ ಒಂದಲ್ಲ, ಹಲವು ಚೂರುಗಳು ಸುತ್ತುತ್ತಿದ್ದವು. ಕೆಲವು ಕುಸಿತಗಳು ಶೇಕಡಾ 60ರವರೆಗೆ ಹೋಗಿದ್ದವು. ನನಗೆ ಇದೆಲ್ಲಕ್ಕಿಂತ ಖುಷಿ ಕೊಟ್ಟದ್ದು ಹವ್ಯಾಸಿಗಳ ಕೆಲಸ. ಈ ನಕ್ಷತ್ರ ಬರಿಗಣ್ಣಿಗೆ ಕಾಣುವ ಅತಿ ಮಸುಕು ನಕ್ಷತ್ರಕ್ಕಿಂತ ಸಾವಿರಾರು ಪಟ್ಟು ಮಸುಕು. ಅಂಥದ್ದನ್ನು ಆರಿಜೋನಾದ ಬ್ರೂಸ್ ಗ್ಯಾರಿ ಮತ್ತು ಇನ್ನೂ ಕೆಲವರು ತಮ್ಮ ಸಣ್ಣ ದೂರದರ್ಶಕಗಳಿಂದ ರಾತ್ರಿ ಮೇಲೆ ರಾತ್ರಿ ಅಳೆದರು. ದೊಡ್ಡ ದೂರದರ್ಶಕದಲ್ಲಿ ಒಂದೆರಡು ರಾತ್ರಿ ಸಿಕ್ಕರೆ ದೊಡ್ಡದು, ಇವರ ಹತ್ತಿರ ತಿಂಗಳುಗಟ್ಟಲೆ ರಾತ್ರಿ ಇತ್ತು. ಆ ದಾಖಲೆ ಇಟ್ಟುಕೊಂಡು ಎಂಐಟಿಯ ಸಾಲ್ ರಾಪಾಪೋರ್ಟ್ ಜೊತೆ ಬರೆದ 2016ರ ಲೇಖನ ಒಂದು ಸೂಕ್ಷ್ಮ ಹೇಳಿತು: ಮೂಲ ಕಾಯದಿಂದ ಕಳಚಿದ ಚೂರುಗಳು ನಕ್ಷತ್ರಕ್ಕೆ ಒಂದು ಕೂದಲಿನಷ್ಟು ಹತ್ತಿರದ ದಾರಿ ಹಿಡಿಯುತ್ತವೆ, ಹಾಗಾಗಿ ಸ್ವಲ್ಪ ಬೇಗ ಸುತ್ತು ಮುಗಿಸಿ, ದಿನದಿಂದ ದಿನಕ್ಕೆ ಮುಂದೆ ಮುಂದೆ ಸರಿಯುತ್ತಾ ಹೋಗುತ್ತವೆ. ಆ ಸರಿಯುವಿಕೆಯಿಂದಲೇ ಮೂಲ ಕಾಯದ ತೂಕ ಅಂದಾಜು ಮಾಡಿದರು. ಸೆರೆಸ್‌ನ ಸುಮಾರು ಹತ್ತನೇ ಒಂದು ಭಾಗ.

ಒಳಗೆ ಏನಿತ್ತು

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಯಾಸ್ ಒಲೆ ಮೇಲೆ ಸಾರು ಉಕ್ಕಿದ್ದನ್ನು ನೋಡಿದ್ದೀರಲ್ಲ? ನೀಲಿ ಉರಿಯ ಮೇಲೆ ಒಂದು ಹನಿ ಬಿದ್ದ ಕೂಡಲೇ ಅಲ್ಲಿ ಹಳದಿ ಕಿಚ್ಚು ಏಳುತ್ತದೆ. ಸಾರಿನ ಉಪ್ಪಿನಲ್ಲಿರುವ ಸೋಡಿಯಂ ಕಾದಾಗ ಅದೇ ಹಳದಿ ಬಣ್ಣವನ್ನೇ ಬಿಡುತ್ತದೆ, ಬೇರೆ ಬಣ್ಣ ಬಿಡುವುದಿಲ್ಲ. ಪ್ರತಿ ಧಾತುವಿಗೂ ಹೀಗೆ ಅದರದೇ ಬಣ್ಣದ ಸಹಿ ಇದೆ. ನಕ್ಷತ್ರದ ಹೊದಿಕೆಯಲ್ಲಿ ಆ ಧಾತು ಇದ್ದರೆ ಅದೇ ಬಣ್ಣದ ಬೆಳಕನ್ನು ನುಂಗಿ, ರೋಹಿತದಲ್ಲಿ ಕಪ್ಪು ಗೆರೆ ಉಳಿಸುತ್ತದೆ. ಗೆರೆ ಎಲ್ಲಿದೆ ಅನ್ನುವುದು ಯಾವ ಧಾತು ಅಂತ ಹೇಳುತ್ತದೆ. ಎಷ್ಟು ಆಳವಾಗಿದೆ ಅನ್ನುವುದು ಎಷ್ಟಿದೆ ಅಂತ ಹೇಳುತ್ತದೆ.

ಡಬ್ಲ್ಯೂಡಿ 1145+017ರ ಮೇಲ್ಮೈ ಬಿಸಿ ಸುಮಾರು 15,900 ಕೆಲ್ವಿನ್, ಹೊದಿಕೆ ಹೀಲಿಯಂ. ಮೊದಲ ವರದಿಯಲ್ಲೇ ಮೆಗ್ನೀಷಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಕ್ಯಾಲ್ಸಿಯಂ, ಕಬ್ಬಿಣ, ನಿಕ್ಕಲ್ ಸಿಕ್ಕಿದ್ದವು. 2016ರಲ್ಲಿ ಸಿಯಿ ಶು ಮತ್ತು ಸಂಗಡಿಗರು ಹವಾಯಿಯ 10 ಮೀಟರ್ ಕೆಕ್ ದೂರದರ್ಶಕದ ರೋಹಿತದಲ್ಲಿ ಹೀಲಿಯಮ್ಮಿಗಿಂತ ಭಾರದ 11 ಧಾತುಗಳನ್ನು ಎಣಿಸಿದರು. ಆಮ್ಲಜನಕ, ಟೈಟಾನಿಯಂ, ವನಾಡಿಯಂ, ಕ್ರೋಮಿಯಂ, ಮ್ಯಾಂಗನೀಸ್ ಈಗ ಪಟ್ಟಿಗೆ ಸೇರಿದವು. ಪ್ರಮಾಣ ನೋಡಿದರೆ ಒಟ್ಟಾರೆ ನಮ್ಮ ಭೂಮಿಯ ಹಾಗೆಯೇ. ಭೂಮಿಯ ತೂಕದಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಇರುವುದು ನಾಲ್ಕೇ ಧಾತು: ಕಬ್ಬಿಣ, ಆಮ್ಲಜನಕ, ಸಿಲಿಕಾನ್, ಮೆಗ್ನೀಷಿಯಂ. ಅಲ್ಲೂ ಮೇಲುಗೈ ಇವುಗಳದ್ದೇ.

ನಾನು ಮೊದಲು ಇದನ್ನು ಓದಿದಾಗ ಬಹಳ ಹೊತ್ತು ಅದನ್ನೇ ಯೋಚಿಸಿದೆ. ಐನೂರು ಜ್ಯೋತಿರ್ವರ್ಷ ಆಚೆ, ಬೇರೆ ಯಾವುದೋ ನಕ್ಷತ್ರದ ಧೂಳಿನಿಂದ ಕಟ್ಟಿದ ಕಲ್ಲು. ಅದರೊಳಗೂ ನಮ್ಮ ಅಂಗಳದ ಕಲ್ಲಿನಲ್ಲಿರುವ ಸಾಮಾನೇ ಇದೆ.

ಅದೇ ರೋಹಿತದಲ್ಲಿ ಇನ್ನೊಂದು ವಿಷಯ ಇತ್ತು. ನಕ್ಷತ್ರದ ಗೆರೆಗಳ ಜೊತೆಗೆ ತುಂಬಾ ಅಗಲವಾದ ಬೇರೆ ಗೆರೆಗಳೂ ಕಂಡವು, ಸುಮಾರು 300 ಕಿಲೋಮೀಟರ್ ಪ್ರತಿ ಸೆಕೆಂಡ್ ವೇಗದ ಹರವು. ಅವು ನಕ್ಷತ್ರದ ಮೇಲ್ಮೈಯವಲ್ಲ, ಸುತ್ತ ತಿರುಗುತ್ತಿರುವ ಅನಿಲದ್ದು. ಮುಂದಿನ ವರ್ಷಗಳಲ್ಲಿ ಆ ಗೆರೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ವಾಲಿದವು. ಅನಿಲದ ಉಂಗುರ ದುಂಡಗಿಲ್ಲ, ಮೊಟ್ಟೆಯಾಕಾರ ಇದೆ, ಆ ಮೊಟ್ಟೆಯೇ ನಿಧಾನಕ್ಕೆ ತಿರುಗುತ್ತಿದೆ, ಪೂರ್ತಿ ತಿರುಗಲು ಐದು ವರ್ಷದ ಆಸುಪಾಸು ಬೇಕು ಅನ್ನುವುದು ಅದರ ಅರ್ಥ. ಇದನ್ನು ತಿರುಗಿಸುವುದು ಐನ್‌ಸ್ಟೈನರ ಸಾಪೇಕ್ಷತೆ, ನಮ್ಮ ಬುಧನ ದಾರಿಯನ್ನು ಚೂರು ಚೂರೇ ತಿರುಗಿಸುವ ಅದೇ ಪರಿಣಾಮ. ಹೀಗೆ ಕಲ್ಲು, ಧೂಳು, ಅನಿಲ, ಕೊನೆಗೆ ನಕ್ಷತ್ರದ ಮೈ ಮೇಲಿನ ಕೊಳೆ, ನಾಲ್ಕೂ ಹಂತ ಒಂದೇ ಕಡೆ ಸಿಕ್ಕಿತು. ಜುರಾ ಪೋಣಿಸಿದ ದಾರದಲ್ಲಿ ಒಂದು ಮಣಿಯೂ ಕಡಿಮೆ ಬೀಳಲಿಲ್ಲ.

ಎಷ್ಟನ್ನು ನಂಬಬಹುದು

ಇಲ್ಲಿ ಎಚ್ಚರ ಬೇಕು. ಧಾತುಗಳು ಒಂದೇ ವೇಗದಲ್ಲಿ ಮುಳುಗುವುದಿಲ್ಲ. ಕಲ್ಲು ಬೀಳುವುದು ಈಗಷ್ಟೇ ಶುರುವಾಗಿದ್ದರೆ ನಾವು ನೋಡುವ ಪ್ರಮಾಣ ಕಲ್ಲಿನ ಪ್ರಮಾಣವೇ. ಬಹುಕಾಲದಿಂದ ಬೀಳುತ್ತಿದ್ದರೆ, ಅಥವಾ ಬಿದ್ದು ನಿಂತಿದ್ದರೆ, ಬೇಗ ಮುಳುಗುವ ಧಾತುವಿನ ಪಾಲು ಕಡಿಮೆ ಕಾಣುತ್ತದೆ. ಲೆಕ್ಕದಲ್ಲಿ ಅದನ್ನು ಸರಿಪಡಿಸಬೇಕು. ಯಾವ ಹಂತ ಅಂತ ಊಹೆ ತಪ್ಪಿದರೆ ಕಲ್ಲಿನ ಪಾಕವೂ ತಪ್ಪುತ್ತದೆ. ಡಬ್ಲ್ಯೂಡಿ 1145+017ರಲ್ಲಿ ಬೀಳುವುದು ಕಣ್ಣೆದುರೇ ನಡೆಯುತ್ತಿತ್ತು. ಹಾಗಾಗಿ ಊಹೆಯ ಪಾಲು ಬೇರೆ ಕಡೆಗಿಂತ ಇಲ್ಲಿ ಕಡಿಮೆ. ಈ ಪ್ರಕರಣದ ಬೆಲೆ ನನ್ನ ಮಟ್ಟಿಗೆ ಅಲ್ಲೇ ಇರುವುದು.

ಇದೇ ದಾರಿಯಲ್ಲಿ ಬೇರೆ ಶ್ವೇತಕುಬ್ಜಗಳಿಂದ ಸಿಕ್ಕ ಒಂದು ಲೆಕ್ಕ ಹೇಳಲೇಬೇಕು. ಜಿಡಿ 61 ಎಂಬ ನಕ್ಷತ್ರದ ಮೇಲೆ ಬಿದ್ದ ಕಲ್ಲಿನ ಆಮ್ಲಜನಕವನ್ನು ಫರಿಹಿ, ಗೆನ್ಸಿಕೆ, ಕೋಸ್ಟರ್ ಮೂವರೂ ಮನೆ ಖರ್ಚಿನ ಪುಸ್ತಕದ ಹಾಗೆ ಲೆಕ್ಕ ಹಾಕಿದರು. ಕಲ್ಲಿನಲ್ಲಿ ಆಮ್ಲಜನಕ ಒಂಟಿಯಾಗಿರುವುದಿಲ್ಲ. ಮೆಗ್ನೀಷಿಯಮ್ಮಿಗೆ ಇಷ್ಟು, ಸಿಲಿಕಾನಿಗೆ ಇಷ್ಟು, ಕಬ್ಬಿಣಕ್ಕೆ ಇಷ್ಟು ಅಂತ ಕೊಡುತ್ತಾ ಹೋದರು. ಎಲ್ಲರಿಗೂ ಕೊಟ್ಟ ಮೇಲೂ ಆಮ್ಲಜನಕ ಮಿಕ್ಕಿತು. ಇಂಗಾಲ ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದುದರಿಂದ ಅದರ ಜೊತೆಗೂ ಹೋಗಿರಲಾರದು. ಮಿಕ್ಕದ್ದಕ್ಕೆ ಜೊತೆ ಹೈಡ್ರೋಜನ್ ಮಾತ್ರ, ಅಂದರೆ ನೀರು. ಆ ಕಾಯದ ತೂಕದಲ್ಲಿ ಶೇಕಡಾ 26 ನೀರು ಇತ್ತು ಅಂತ 2013ರಲ್ಲಿ ಪ್ರಕಟಿಸಿದರು. ಯಾವ ನೌಕೆಯೂ ಹೋಗದ ಜಾಗದ, ಈಗ ಇಲ್ಲವೇ ಇಲ್ಲದ ಕಲ್ಲಿನ ನೀರು.

2019ರಲ್ಲಿ ಅಲೆಕ್ಸಾಂಡ್ರಾ ಡಾಯ್ಲ್ ಮತ್ತು ಸಂಗಡಿಗರು ಆರು ಶ್ವೇತಕುಬ್ಜಗಳಲ್ಲಿ ಕಬ್ಬಿಣ ಎಷ್ಟರ ಮಟ್ಟಿಗೆ ಆಮ್ಲಜನಕದ ಜೊತೆ ಸೇರಿಕೊಂಡಿತ್ತು ಅಂತ ನೋಡಿದರು. ಉತ್ತರ ಭೂಮಿ, ಮಂಗಳದ ಕಲ್ಲುಗಳ ಹತ್ತಿರವೇ ಬಂತು. 2021ರಲ್ಲಿ ಭೂವಿಜ್ಞಾನಿ ಕೀತ್ ಪುಟಿರ್ಕಾ ಮತ್ತು ಅದೇ ಸಿಯಿ ಶು 23 ಶ್ವೇತಕುಬ್ಜಗಳನ್ನು ನೋಡಿ ಬೇರೆ ರಾಗ ಎತ್ತಿದರು. ಅಲ್ಲಿನ ಮೆಗ್ನೀಷಿಯಂ, ಸಿಲಿಕಾನ್ ಪಾಲು ನೋಡಿದರೆ ಕಲ್ಲುಗಳು ನಮ್ಮ ಸೌರಮಂಡಲದ ಯಾವ ಕಲ್ಲಿಗೂ ಸರಿಹೊಂದುವುದಿಲ್ಲ, ಅವುಗಳಿಗೆ ಹೊಸ ಹೆಸರೇ ಬೇಕು ಎಂದರು. ಧಾತುಗಳು ನಮ್ಮವೇ, ಅಡುಗೆ ಬೇರೆ, ಅಂತ.

ನನ್ನ ಅನಿಸಿಕೆ ಹೇಳುವುದಾದರೆ, ಧಾತುಗಳ ಪಟ್ಟಿಯನ್ನು ಪೂರ್ತಿ ನಂಬುತ್ತೇನೆ. ದೊಡ್ಡ ದೊಡ್ಡ ಪ್ರಮಾಣಗಳನ್ನೂ ನಂಬುತ್ತೇನೆ. ಆದರೆ ಪ್ರಮಾಣದಿಂದ ಖನಿಜದ ಹೆಸರಿಗೆ ಹಾರುವಾಗ ನಡುವೆ ತುಂಬಾ ಹಳ್ಳ ಇದೆ. ಗೆರೆಯ ಆಳ ಅಳೆಯುವಲ್ಲಿ ಸ್ವಲ್ಪ ಹೆಚ್ಚುಕಡಿಮೆ, ಮುಳುಗುವ ವೇಗದ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ, ಎರಡೂ ಸೇರಿದರೆ ಒಂದು ಕಲ್ಲು ಇನ್ನೊಂದು ಕಲ್ಲಾಗಿಬಿಡಬಹುದು. ಅದಕ್ಕೇ ಡಬ್ಲ್ಯೂಡಿ 1145+017ರಂಥ, ಹಂತ ಹಂತವೂ ಕಣ್ಣಿಗೆ ಬಿದ್ದ ಪ್ರಕರಣಗಳು ಇನ್ನಷ್ಟು ಬೇಕು.

ಸಿಗುತ್ತಲೂ ಇವೆ. 2015ರ ನಂತರ ಧೂಳು ಅಡ್ಡ ಬರುವ ಇನ್ನೂ ಹಲವು ಶ್ವೇತಕುಬ್ಜಗಳು ಪತ್ತೆಯಾಗಿವೆ. 2020ರಲ್ಲಿ ಅದೇ ವಾಂಡರ್‌ಬರ್ಗ್ ಡಬ್ಲ್ಯೂಡಿ 1856 ಎಂಬ ಶ್ವೇತಕುಬ್ಜದ ಸುತ್ತ ಒಡೆಯದೆ ಉಳಿದ, ಗುರುಗ್ರಹದಷ್ಟು ದೊಡ್ಡ ಕಾಯವೊಂದನ್ನು ಕಂಡರು. ಅದರ ಸುತ್ತು ಒಂದೂವರೆ ದಿನಕ್ಕೂ ಕಡಿಮೆ. ಇದಕ್ಕಿಂತ ದೂರದಲ್ಲಿ ಉಳಿದುಕೊಂಡ ದೊಡ್ಡ ಗ್ರಹಗಳೇ ಚಿಕ್ಕ ಕಲ್ಲುಗಳನ್ನು ದಾರಿ ತಪ್ಪಿಸಿ ಒಳಗೆ ತಳ್ಳುತ್ತವೆ ಅನ್ನುವುದು ಈಗಿನ ನಂಬಿಕೆ.

ನಮ್ಮ ಪ್ರಕರಣದ ನಕ್ಷತ್ರ ಮಾತ್ರ ಈಗ ಶಾಂತವಾಗಿದೆ. ಕುಸಿತಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದು, 2024ರಲ್ಲಿ ಅಮೋರ್ನ್‌ರಟ್ ಔಂಗ್ವೆರೊಜ್ವಿಟ್ ತಂಡ ಪ್ರಕಟಿಸಿದ ವರದಿಯ ಹೊತ್ತಿಗೆ ಸುಮಾರಾಗಿ ನಿಂತೇ ಹೋಗಿದ್ದವು. ಇವತ್ತು ಹೊಸದಾಗಿ ಯಾರಾದರೂ ಅದರ ಬೆಳಕು ಅಳೆದರೆ ಅಂಥದ್ದೇನೂ ನಡೆದ ಸುಳಿವು ಅಷ್ಟಾಗಿ ಸಿಗಲಿಕ್ಕಿಲ್ಲ. ಸರಿಯಾದ ಹತ್ತು ವರ್ಷಗಳಲ್ಲಿ ನಾವು ನೋಡಿದೆವು. ರೋಹಿತ ತೆಗೆದರೆ ಮಾತ್ರ ಕ್ಯಾಲ್ಸಿಯಂ ಗೆರೆ ಇನ್ನೂ ಅಲ್ಲೇ ಇದೆ, ಕಬ್ಬಿಣದ್ದೂ ಇದೆ. ಆ ಹೀಲಿಯಂ ಹೊದಿಕೆಯಲ್ಲಿ ಅವು ಪೂರ್ತಿ ಮುಳುಗಲು ಇನ್ನೂ ಬಹಳ ಕಾಲ ಹಿಡಿಯುತ್ತದೆ.